ಕೋಲ್ ಮಷೀನಿನ ಎಣ್ಣೆ ಕದ್ದವರು

ಚಿಕ್ಕಳಿಯನ ಕೆಲಸ ಹಲ್ಲು ಮಸೆಯುವುದು. ಗರಗಸದ ಹಲ್ಲನ್ನು ಸಂಜೆ ಹೊತ್ತು ಮಸೆಯುತ್ತಿದ್ದ, ದೊಡ್ಡಳಿಯನ ಮೇಲಿನ ಹಲ್ಲನ್ನು ದಿನವಿಡೀ.

ಇಬ್ಬರೂ ಒಂದೇ ಮನೆಯ ಅಕ್ಕತಂಗಿಯರನ್ನು ಮದುವೆಯಾದ ಷಡ್ಡಕರು. ಬೀದಿಯವರಿಗೂ ಅವರು ದೊಡ್ಡಳಿಯ, ಚಿಕ್ಕಳಿಯ. ನಿಜವಾದ ಹೆಸರು ರೇಷನ್ ಕಾರ್ಡಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿರಲಿಲ್ಲ. ಮಾವನದು ಮರ ಸವರುವ ಕಸುಬು. ಮನೆ ಚಾವಣಿಯ ಮೇಲೆ ಒರಗಿದ ಕೊಂಬೆ, ಕಚೇರಿ ಕಿಟಕಿಗೆ ಅಡ್ಡ ಬಂದ ರೆಂಬೆ, ಇಂಥವನ್ನೆಲ್ಲ ಏಣಿ ಹತ್ತದೆ ನೆಲದ ಮೇಲೆ ನಿಂತೇ ತೆಗೆದುಕೊಡುತ್ತಿದ್ದರು. ಕರೆಂಟ್ ತಂತಿಯ ಹತ್ತಿರದ ಮರವಾದರೆ ಮಾತ್ರ ಕೈಮುಗಿದು ವಾಪಸ್ಸು. ಇದಕ್ಕೆಲ್ಲ ಇದ್ದದ್ದು ಒಂದೇ ಸಾಧನ. ಉದ್ದನೆಯ ಕೋಲು, ಅದರ ತುದಿಯಲ್ಲಿ ಕರೆಂಟಿನಿಂದ ತಿರುಗುವ, ಹಲ್ಲಿನ ಚೈನಿನ ಗರಗಸ. ಮನೆಯವರೆಲ್ಲ ಅದನ್ನು ಕೋಲ್ ಮಷೀನ್ ಎನ್ನುತ್ತಿದ್ದರು. ಈಚೆಗೆ ಅದನ್ನು ಹೊತ್ತು ಕೆಲಸಕ್ಕೆ ಹೋಗುತ್ತಿದ್ದವನು ದೊಡ್ಡಳಿಯ.

ಮಾವನ ಎಡಗೈಯಲ್ಲಿ ನಾಲ್ಕೇ ಬೆರಳು. ಐದನೆಯದರ ಬಗ್ಗೆ ಯಾರೂ ಕೇಳುತ್ತಿರಲಿಲ್ಲ, ಆದರೆ ಮನೆಯ ಏಕೈಕ ಕಾನೂನು ಹುಟ್ಟಿದ್ದು ಅಲ್ಲಿಂದಲೇ. ಚೈನಿನ ಮೇಲೆ ಯಾರ ಕೈಯೋ ಅವರ ಜೇಬಿನಲ್ಲೇ ಪ್ಲಗ್. ಸ್ವಿಚ್ ಆಫ್ ಮಾಡಿದರೆ ಸಾಲದು, ಗೋಡೆಯಿಂದ ಕಿತ್ತರೂ ಸಾಲದು; ಕಿತ್ತ ಪ್ಲಗ್ಗು ನಿಮ್ಮ ಜೇಬಿನಲ್ಲಿ ಕೂತು ನಿಮ್ಮ ತೊಡೆಗೆ ಚುಚ್ಚುತ್ತಿರಬೇಕು.

ವರ್ಷಗಟ್ಟಲೆ ಮಾವ ತಾನೇ ಮಷೀನನ್ನು ತೊಳೆದು, ಅಂದರೆ ತೊಳೆಯದೆ, ಒರೆಸಿ ಇಡುತ್ತಿದ್ದ. ನೀರು ತಾಗಿಸಿದರೆ ಮೋಟರ್ ಮುನಿಸಿಕೊಳ್ಳುತ್ತದೆ. ಕಣ್ಣು ಮಂಜಾಗತೊಡಗಿದ ಮೇಲೆ, ಮೂರು ವಾರದ ಹಿಂದೆ, ಆ ಕೆಲಸವನ್ನು ಚಿಕ್ಕಳಿಯನಿಗೆ ವಹಿಸಿದ. ಚಿಕ್ಕಳಿಯ ಕೆಲಸ ಮಾಡುತ್ತಿದ್ದ ಜೆರಾಕ್ಸ್ ಅಂಗಡಿ ಬಾಗಿಲು ಹಾಕಿ ಆರು ತಿಂಗಳಾಗಿತ್ತು. ಮನೆಯ ಹಿಂದಿನ ತಗಡಿನ ಶೆಡ್ಡೇ ಅವನಿಗೆ ಉಳಿದಿದ್ದ ಒಂದೇ ಕುರ್ಚಿ. ನಿಜವಾಗಿ ನೋಡಿದರೆ ಅಲ್ಲಿ ಕುರ್ಚಿಯೂ ಇರಲಿಲ್ಲ, ಮರದ ಪುಡಿ ತುಂಬಿದ ಒಂದು ಗೋಣಿಚೀಲ ಇತ್ತು.

ಆ ಮೂರು ವಾರದಲ್ಲಿ ಮಷೀನು ನಾಲ್ಕು ಸಲ ಕೈಕೊಟ್ಟಿತು. ಎರಡು ಸಲ ಕೆಲಸದ ಮಧ್ಯೆ ಚೈನು ಕಳಚಿತು, ಎರಡು ಸಲ ಎಣ್ಣೆ ಮುಗಿದು ಚೈನು ಓಡುವ ಪಟ್ಟಿಯಿಂದ ಹೊಗೆ ಬಂತು. ಹಿಂದಿನ ಸಂಜೆ ಮಷೀನಿನ ಟ್ಯಾಂಕಿನ ಕತ್ತಿನವರೆಗೆ ಎಣ್ಣೆ ತುಂಬಿಸಿಟ್ಟವನು ಚಿಕ್ಕಳಿಯ. ಬೆಳಗ್ಗೆ ನೋಡಿದರೆ ಅರ್ಧ! ಎಣ್ಣೆ ತಾನಾಗಿ ಎದ್ದು ವಾಕಿಂಗ್ ಹೋಗುವುದಿಲ್ಲ. ಯಾರೋ ಬಗ್ಗಿಸಿ ಸುರಿಯುತ್ತಿದ್ದಾರೆ. ಯಾರು? ಶೆಡ್ಡಿನ ಇನ್ನೊಂದು ಬೀಗದಕೈ ಯಾರ ಹತ್ತಿರ ಇದೆಯೋ ಅವರು.

ದೊಡ್ಡಳಿಯನ ಹತ್ತಿರ ಇತ್ತು.

ಆದ್ದರಿಂದ ಚಿಕ್ಕಳಿಯ ಒಂದು ಉಪಾಯ ಮಾಡಿದ್ದ. ಸಂಜೆ ದೊಡ್ಡಳಿಯ ಗೇಟು ದಾಟುವಷ್ಟರಲ್ಲೇ ಎದುರಿಗೆ ಹೋಗಿ ಮಷೀನು ಕಸಿದುಕೊಳ್ಳುವುದು. ಒಂದು ನಿಮಿಷವೂ ಅದು ಅವನ ಕೈಯಲ್ಲಿ ಒಂಟಿಯಾಗಿರಬಾರದು.

"ಏನಯ್ಯಾ, ಹುಡುಗಿ ನೋಡೋಕೆ ಬಂದೋನ ಹಾಗೆ ಗೇಟಲ್ಲೇ ನಿಂತಿದೀಯ?" ಎಂದ ದೊಡ್ಡಳಿಯ ಶುಕ್ರವಾರ ಸಂಜೆ.

"ಕೊಡಿ ಭಾವ. ನಿಮಗೆ ಸುಸ್ತಾಗಿರುತ್ತೆ."

"ನನ್ನ ಸುಸ್ತಿನ ಮೇಲೆ ನಿನಗೆ ಇಷ್ಟೊಂದು ಪ್ರೀತಿ ಯಾವಾಗ ಹುಟ್ಟಿತೋ? ಇನ್ನೂ ಬಿಸಿ ಇದೆ, ನೋಡ್ಕೋ."

"ಬಿಸಿ ಇರೋದು ಮಷೀನೋ, ನೀವೋ?"

"ಮುಟ್ಟಿ ನೋಡು, ಗೊತ್ತಾಗುತ್ತೆ."

ಚಿಕ್ಕಳಿಯ ಗ್ಲೌಸ್ ಹಾಕಿಕೊಂಡು ಕೆಲಸಕ್ಕೆ ಕೂತ. ಕೋಲಿನ ತುಂಡುಗಳನ್ನು ಒಂದರೊಳಗೊಂದು ತಳ್ಳಿ ಗಿಡ್ಡ ಮಾಡಿದ. ಪ್ಲಗ್ಗನ್ನು ಜೇಬಿಗಿಳಿಸಿದ. ಪಕ್ಕದ ಮುಚ್ಚಳ ಬಿಚ್ಚಿ, ಒಳಗೆ ಹಸಿರಾಗಿ ಒತ್ತಿಕೊಂಡಿದ್ದ ಮರದ ಪುಡಿಯನ್ನು ಗಡುಸು ಬ್ರಷ್ಷಿನಿಂದ ಕೆರೆದ. ಪಟ್ಟಿಯ ಅಂಚಿನ ಸಂದಿಯಲ್ಲಿ ತೆಳು ತಂತಿ ಎಳೆದ. ಎಣ್ಣೆ ಬರುವ ಸಣ್ಣ ತೂತನ್ನು ಕಡ್ಡಿಯಿಂದ ಚುಚ್ಚಿ, ಅದರಲ್ಲಿ ಯಾರಾದರೂ ಮೇಣ ತುರುಕಿದ್ದಾರೋ ಎಂದು ಬೆಳಕಿಗೆ ಹಿಡಿದು ನೋಡಿದ. ಯಾರೂ ತುರುಕಿರಲಿಲ್ಲ. ಅದೇ ಅನುಮಾನಕ್ಕೆ ಕಾರಣವಾಯಿತು. ಇಷ್ಟು ಚೊಕ್ಕಟವಾಗಿ ಕೇಡು ಮಾಡುವವನು ಸಾಮಾನ್ಯನಲ್ಲ.

ಗುಂಡು ಅರದಿಂದ ಒಂದೊಂದು ಹಲ್ಲಿಗೆ ಮೂರು ಮೂರು ಎಳೆತ, ಒಂದೇ ದಿಕ್ಕಿಗೆ. ಚೈನನ್ನು ಕೆಳಗಿನಿಂದ ಎಳೆದು ನೋಡಿದ. ಜೋಲಾಡುತ್ತಿತ್ತು. "ಮತ್ತೆ ಸಡಿಲ ಮಾಡಿದಾನೆ!" ಸ್ಪ್ಯಾನರ್ ತೆಗೆದು, ಎಳೆದರೆ ಕೂದಲೆಳೆಯಷ್ಟು ಎದ್ದು ಟಕ್ಕನೆ ಕೂರುವ ಹಾಗೆ ಬಿಗಿದ. ಎಣ್ಣೆಯನ್ನು ಗೆರೆ ಮುಟ್ಟುವಷ್ಟು ತುಂಬಿ, ಮಷೀನನ್ನು ಗೋಡೆಯ ಎರಡು ಮೊಳೆಗಳ ಮೇಲೆ ಅಡ್ಡಡ್ಡ ಮಲಗಿಸಿ, ಬೀಗ ಹಾಕಿ, ಬೀಗವನ್ನು ಮೂರು ಸಲ ಜಗ್ಗಿ ನೋಡಿ ಹೊರಬಂದ.

ಶನಿವಾರ ಮಧ್ಯಾಹ್ನವೇ ದೊಡ್ಡಳಿಯ ಮಷೀನನ್ನು ಹೆಗಲಿಗೆ ಹಾಕಿಕೊಂಡು ವಾಪಸ್ಸಾದ. ಮಾವ ಜಗಲಿಯ ಮೇಲೆ ಕೂತು ಕಾಲಿಗೆ ಬಿಸಿಲು ಕಾಯಿಸುತ್ತಿದ್ದ.

"ಮತ್ತೆ ಕಳಚಿತು ಮಾವ! ಎರಡನೇ ಕೊಂಬೆಗೇ. ನನ್ನ ತಲೆಯೇ ಹಾರಬೇಕಿತ್ತು, ಹೆಲ್ಮೆಟ್ ಉಳಿಸಿತು."

"ನಾನು ನಿನ್ನೆ ಗಟ್ಟಿಯಾಗೇ ಬಿಗಿದಿದ್ದೆ. ಬಿಚ್ಚಿದೋರು ಯಾರು ಅಂತ ಕೇಳಿ ಮಾವ," ಎಂದ ಚಿಕ್ಕಳಿಯ.

"ನಾನು..." ದೊಡ್ಡಳಿಯ ಏನೋ ಹೇಳಲು ಹೋಗಿ ನುಂಗಿಕೊಂಡ.

ನುಂಗಿದ್ದನ್ನು ಎಲ್ಲರೂ ನೋಡಿದರು.

"ಕೇಳಿಸ್ಕೊಳ್ಳಿ ಅಳಿಯಂದ್ರೇ," ಎಂದ ಮಾವ, ನಾಲ್ಕು ಬೆರಳಿನ ಕೈಯೆತ್ತಿ. "ಸೋಮವಾರ ಲೈಬ್ರರಿ ಅಂಗಳದಲ್ಲಿ ಹನ್ನೊಂದು ಮರ. ಅಲ್ಲಿ ಓದೋಕೆ ಬರೋ ಜನದ ತಲೆ ಮೇಲೆ ಈ ಚೈನು ಹಾರೋದು ನನಗೆ ಬೇಡ. ಮಷೀನು ಕೆಟ್ಟಿಲ್ಲ, ಯಾರದೋ ಬುದ್ಧಿ ಕೆಟ್ಟಿದೆ. ನಾಳೆ ಸಂಜೆಯೊಳಗೆ ಯಾರದು ಅಂತ ಗೊತ್ತಾಗಬೇಕು. ಸಿಕ್ಕಿಬಿದ್ದೋರು ಬೇರೆ ಕೆಲಸ ನೋಡ್ಕೊಳ್ಳಿ. ಈಗಿನ ಲೆಕ್ಕಕ್ಕೆ..." ಮಾವನ ಮಂಜುಗಣ್ಣು ಅಂದಾಜಿನ ಮೇಲೆ ದೊಡ್ಡಳಿಯನ ಕಡೆ ತಿರುಗಿತು. "ಈಗಿನ ಲೆಕ್ಕಕ್ಕೆ ನನಗೆ ಒಬ್ಬರ ಮೇಲೇ ಅನುಮಾನ."

ಚಿಕ್ಕಳಿಯನಿಗೆ ಒಳಗೊಳಗೇ ಹಾಲು ಕುಡಿದಷ್ಟು ಖುಷಿಯಾಯಿತು. ಆದರೆ ಸಾಕ್ಷಿ ಬೇಕಿತ್ತು. ನಾಳೆ ಸಂಜೆಯೊಳಗೆ ಸಾಕ್ಷಿ ಸಿಗದಿದ್ದರೆ ಮಾವನ ಕಣ್ಣು ಈ ಕಡೆಗೂ ತಿರುಗಬಹುದು. ಹೇಗೂ ಮಂಜು.

ಮಷೀನನ್ನು ಅಲ್ಲೇ ಇಸಿದುಕೊಂಡು, ಬಿಸಿ ಆರುವ ಮೊದಲೇ ಬಿಗಿದು, ಗೆರೆ ಮುಟ್ಟುವಷ್ಟು ಎಣ್ಣೆ ತುಂಬಿ, ಮೊಳೆಗಳ ಮೇಲೆ ಮಲಗಿಸಿ ಬೀಗ ಹಾಕಿದ. ಶೆಡ್ಡಿನ ಹೊಸ್ತಿಲಿಗೆ ಸೀಮೆಸುಣ್ಣದ ಪುಡಿ ಚೆಲ್ಲಿದ. ಭಾನುವಾರ ಬೆಳಗ್ಗೆ ಪುಡಿಯ ಮೇಲೆ ಹೆಜ್ಜೆ ಮೂಡಿತ್ತು! ಆದರೆ ಅದು ಬಾಗಿಲ ಹೊರಗಿನ ಬಕೆಟ್ಟಿಗೆಂದು ಬಂದ ಅತ್ತೆಯ ಹವಾಯಿ ಚಪ್ಪಲಿ. ಆ ಹೆಜ್ಜೆಯನ್ನೂ ಅವನು ಬಗ್ಗಿ ಬಗ್ಗಿ ನೋಡಿದ. ಬಕೆಟ್ಟಿಗೆ ಅಂತ ಬಂದರೆ ಇಷ್ಟು ಹೊತ್ತು ಒಂದೇ ಕಡೆ ನಿಂತದ್ದು ಏಕೆ ಎಂದು ಗೊಣಗಿದ.

"ಅಮ್ಮನ ಮೊಣಕಾಲು ನೋಯುತ್ತೆ ರೀ, ಅದಕ್ಕೆ ನಿಂತ್ರು," ಎಂದಳು ಹೆಂಡತಿ.

"ನೀನೇಕೆ ಅಷ್ಟು ಬೇಗ ಉತ್ತರ ಕೊಟ್ಟೆ?"

"ಅಯ್ಯೋ! ನನ್ನನ್ನೂ ಸೇರಿಸಿಬಿಟ್ರಾ?"

"ನೀನೂ ಭಾವನ ಹೆಂಡ್ತಿಯ ತಂಗಿ ತಾನೇ."

"ನಾನು ಅವಳ ತಂಗಿ ಆಗಿದ್ದು ನಿಮ್ಮ ಹೆಂಡತಿ ಆಗೋಕೆ ಇಪ್ಪತ್ತಾರು ವರ್ಷ ಮುಂಚೆ. ಅದನ್ನೂ ಸಂಚು ಅಂತೀರಾ? ತಲೆಗೆ ಒಂಚೂರು ಎಣ್ಣೆ ಹಚ್ಕೊಳ್ಳಿ, ತಂಪಾಗುತ್ತೆ."

ಎಣ್ಣೆ ಎಂದೊಡನೆ ಅವನು ಶೆಡ್ಡಿಗೆ ಓಡಿದ. ಗೆರೆ ಮುಟ್ಟಿದ್ದ ಎಣ್ಣೆ ಮತ್ತೆ ಅರ್ಧಕ್ಕಿಳಿದಿತ್ತು. ಬೀಗ ಬೀಗದ ಹಾಗೇ ಇತ್ತು. ಮತ್ತೆ ಗೆರೆಯವರೆಗೆ ತುಂಬಿಸಿ, ಮಷೀನನ್ನು ಮೊಳೆಗೆ ಮಲಗಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಲು ನಿರ್ಧರಿಸಿದ. ಮಷೀನಿನ ಕೆಳಗೆ ಗೋಡೆಗೊರಗಿದ್ದ ಮರದ ಪುಡಿಯ ಚೀಲದ ಮೇಲೆ ಕೂತು, ಎದುರಿಗೆ ಹಳೆಯ ತಗಡೊಂದನ್ನು ಅಡ್ಡ ನಿಲ್ಲಿಸಿಕೊಂಡ.

ಹನ್ನೆರಡಾಯಿತು. ಶೆಡ್ಡು ಕಾದ ಹಂಚಿನ ಹಾಗಾಯಿತು. ಟಪ್ ಎಂದು ತಲೆಯ ಮೇಲೆ ಏನೋ ಬಿತ್ತು.

ಚಿಕ್ಕಳಿಯ ಉಸಿರು ಬಿಗಿಹಿಡಿದು ಚಾವಣಿ ನೋಡಿದ. ತಗಡಿನ ಮೇಲೆ ಯಾರೋ ಇದ್ದಾರೆ! ದೊಡ್ಡಳಿಯನ ತೂಕಕ್ಕೆ ಆ ತಗಡು ತಡೆಯುವುದಿಲ್ಲ. ಹಾಗಾದರೆ ಹಗುರಾದವರನ್ನು ಕಳಿಸಿದ್ದಾನೆ. ಟಪ್. ಈ ಸಲ ಹಣೆಯ ಮೇಲೆ. ಬೆರಳಿಗೆ ತಾಗಿಸಿ ಮೂಸಿದ. ಪರಿಚಯದ ವಾಸನೆ. ಇದು ಯಾವುದಪ್ಪಾ ಎಂದು ಯೋಚಿಸುವಷ್ಟರಲ್ಲಿ ಬಾಗಿಲು ಕಿರ್ರೆಂದಿತು.

ದೊಡ್ಡಳಿಯ! ಅತ್ತಿತ್ತ ನೋಡಿ, ಚಪ್ಪಲಿ ಬಿಟ್ಟು, ಬೆಕ್ಕಿನ ಹೆಜ್ಜೆ ಇಟ್ಟು ಒಳಗೆ ಬಂದ. ಮಷೀನನ್ನು ಮೊಳೆಯಿಂದ ಇಳಿಸಿ ಬೆಂಚಿನ ಮೇಲಿಟ್ಟ. ಪ್ಲಗ್ಗನ್ನು ಬಾಗಿಲ ಪಕ್ಕದ ಸಾಕೆಟ್ಟಿಗೆ ಚುಚ್ಚಿ, ಹಿಡಿಯ ಮೇಲಿನ ಸ್ವಿಚ್ಚನ್ನು ಒಂದೇ ಒಂದು ಕ್ಷಣ ಒತ್ತಿದ. ಮೋಟರ್ "ಊಂ" ಎಂದಿತು. ಚೈನು ಅಲ್ಲಾಡಲಿಲ್ಲ.

"ನೋಡಿದೆಯಾ," ಎಂದು ಗೊಣಗಿದ. ಎಡಗೈಯಲ್ಲಿ ಸ್ಪ್ಯಾನರ್ ಎತ್ತಿಕೊಂಡು, ಬಲಗೈಯಲ್ಲಿ ಹಿಡಿ ಹಿಡಿದೇ ಪ್ಲಗ್ ಕೀಳಲು ಸಾಕೆಟ್ಟಿನತ್ತ ವಾಲಿದ.

ಚಿಕ್ಕಳಿಯನಿಗೆ ಸ್ಪ್ಯಾನರ್ ಒಂದೇ ಕಂಡಿತು. ತಗಡನ್ನು ಒದ್ದು, "ಸಿಕ್ಕಿಬಿದ್ರಿ!" ಎಂದು ಹಾರಿ ಬಂದು, ಸಾಕ್ಷಿ ನಾಶವಾಗದಿರಲೆಂದು ಬರಿಗೈಯಲ್ಲಿ ಚೈನನ್ನೇ ಬಿಗಿಯಾಗಿ ಹಿಡಿದುಕೊಂಡ.

ಪ್ಲಗ್ಗು ಸಾಕೆಟ್ಟಿನಲ್ಲಿತ್ತು. ದೊಡ್ಡಳಿಯನ ಬೆರಳು ಸ್ವಿಚ್ಚಿನ ಪಕ್ಕದಲ್ಲಿತ್ತು. ಬೆಚ್ಚಿಬಿದ್ದ ಮನುಷ್ಯನ ಕೈ ಸಾಮಾನ್ಯವಾಗಿ ಮುಷ್ಟಿ ಕಟ್ಟುತ್ತದೆ.

ದೊಡ್ಡಳಿಯ ಮುಷ್ಟಿ ಕಟ್ಟಲಿಲ್ಲ. ಐದೂ ಬೆರಳನ್ನು ಗಾಳಿಯಲ್ಲಿ ಅಗಲಿಸಿ, ಹಿಡಿಯಿಂದ ಕೈಯನ್ನು ನಿಧಾನಕ್ಕೆ ಮೇಲೆತ್ತಿದ.

"ಅಲ್ಲಾಡಬೇಡ," ಎಂದ ಪಿಸುದನಿಯಲ್ಲಿ. "ಕೈ ತೆಗಿ. ಮೆಲ್ಲಗೆ. ಒಂದೊಂದೇ ಬೆರಳು."

ಚಿಕ್ಕಳಿಯ ಆಗ ವೈರನ್ನು ನೋಡಿದ. ಅದರ ಜೊತೆ ಕಣ್ಣು ಸಾಕೆಟ್ಟಿನವರೆಗೆ ಹೋಯಿತು. ಬೆರಳುಗಳು ಒಂದೊಂದಾಗಿ ಕಳಚಿಕೊಂಡವು. ಹತ್ತೂ ಇದ್ದವು, ಎರಡು ಸಲ ಎಣಿಸಿದ.

ದೊಡ್ಡಳಿಯ ಪ್ಲಗ್ ಕಿತ್ತು ತಂದು ಚಿಕ್ಕಳಿಯನ ಜೇಬಿಗೆ ತುರುಕಿದ. ಆಮೇಲೆ ಬೆಂಚಿನ ಮೇಲೆ ಕುಸಿದು ಕೂತ.

"ನಿನಗೆ ಏನಾದರೂ ಆಗಿದ್ರೆ ನಿನ್ನ ಹೆಂಡ್ತಿಗೆ ನಾನು ಏನು ಹೇಳ್ಲಿ? ಆ? ನಾನೇ ಬೇಕು ಅಂತ ಒತ್ತಿದೆ ಅಂತಿದ್ರು. ಮನೆಯವರೆಲ್ಲ ಅಂತಿದ್ರು."

ಚಿಕ್ಕಳಿಯನ ಬಾಯಿ ಒಣಗಿತ್ತು. ಆದರೂ ಅನುಮಾನಕ್ಕೆ ಬಾಯಾರಿಕೆ ಇರುವುದಿಲ್ಲ. "ನೀವು... ಕದ್ದು ಬಂದು ಸ್ಪ್ಯಾನರ್ ಏಕೆ ತಗೊಂಡ್ರಿ?"

"ಸಡಿಲ ಮಾಡೋಕೆ! ದಿನಾ ಬೆಳಗ್ಗೆ ಮಾಡ್ತೀನಿ, ಮರದ ಕೆಳಗೆ. ನೀನು ಉಸಿರು ಕಟ್ಟೋ ಹಾಗೆ ಬಿಗಿದು ಕಳಿಸ್ತೀಯ. ಮೋಟರ್ ಸುಟ್ಟು, ಆ ಬೂದೀನ ನನ್ನ ತಲೆಗೆ ಕಟ್ಟೋಣ ಅಂತ."

"ನಾನು ಅಷ್ಟು ಬಿಗಿಯೋಲ್ಲ! ಕೂದಲೆಳೆ ಬಿಟ್ಟೇ ಬಿಗೀತೀನಿ. ಆಮೇಲೆ ಬಂದು ಇನ್ನಷ್ಟು ಬಿಗಿಯೋರು ನೀವು!"

"ಸಡಿಲ ಮಾಡೋನೂ ನಾನೇ, ಬಿಗಿಯೋನೂ ನಾನೇನಾ? ನನಗೇನು ಬೇರೆ ಕೆಲಸ ಇಲ್ವಾ?"

ಇಬ್ಬರೂ ಬೆಂಚಿನ ಮೇಲಿದ್ದ ಚೈನನ್ನು ನೋಡಿದರು. ಎಳೆದರೆ ಕಲ್ಲು. ಬಿಗಿದದ್ದು ಇವನಲ್ಲ, ಅವನೂ ಅಲ್ಲ. ಮನೆಯ ಉಳಿದವರ ಮುಖಗಳು ಇಬ್ಬರ ಕಣ್ಣ ಮುಂದೆಯೂ ಸಾಲಾಗಿ ಹಾದುಹೋದವು.

"ನಿನ್ನ ಹಣೆ ಮೇಲೆ ಏನೋ ಹರೀತಿದೆ," ಎಂದ ದೊಡ್ಡಳಿಯ ಇದ್ದಕ್ಕಿದ್ದಂತೆ.

ಚಿಕ್ಕಳಿಯ ಒರೆಸಿಕೊಂಡ. ದೊಡ್ಡಳಿಯ ಆ ಬೆರಳನ್ನು ಹಿಡಿದು ಮೂಸಿದ. "ಚೈನ್ ಎಣ್ಣೆ! ಕದಿಯೋದು ನೀನೇನಾ? ತಲೆಗೆ ಹಚ್ಕೊಳ್ತೀಯಾ?"

ಇಬ್ಬರೂ ಖಾಲಿ ಮೊಳೆಗಳನ್ನು ನೋಡಿದರು. ಅಲ್ಲಿಂದ ನೆಟ್ಟಗೆ ಕೆಳಕ್ಕೆ ಬಂದರೆ ಗೋಣಿಚೀಲ. ಚಿಕ್ಕಳಿಯ ಚೀಲದೊಳಗೆ ಕೈ ಹಾಕಿದ. ಮೇಲೆ ಒಣ ಪುಡಿ. ಒಂದು ಗೇಣು ಕೆಳಗೆ ಕಪ್ಪಗೆ, ಜಿಗುಟಾಗಿ, ಮುದ್ದೆಮುದ್ದೆ. ಮೂರು ವಾರದ ಎಣ್ಣೆಯನ್ನು ಆ ಚೀಲ ಸದ್ದಿಲ್ಲದೆ ಕುಡಿದು ಕೂತಿತ್ತು. ತುಂಬಿಸಿ ಮಲಗಿಸಿದ ಮಷೀನು ತಾನಾಗಿ ಒಸರುತ್ತಿತ್ತು. ಪ್ರತಿ ಸಂಜೆ ಕಳ್ಳನನ್ನು ಹಿಡಿಯಲೆಂದು ಕತ್ತಿನವರೆಗೆ ತುಂಬಿಸಿ ಕೊಟ್ಟವನು ಚಿಕ್ಕಳಿಯನೇ.

ದೊಡ್ಡಳಿಯ ಎದ್ದು ಚಪ್ಪಲಿ ಮೆಟ್ಟಿದ. "ನಾನು ಊಟಕ್ಕೆ ಹೋಗ್ತೀನಿ. ಮಾವನಿಗೆ ಏನು ಹೇಳ್ತೀಯೋ ನಿನಗೆ ಬಿಟ್ಟಿದ್ದು. ನಾನು ಹೇಳಿದ್ರೆ ಯಾರೂ ನಂಬಲ್ಲ."

ಶೆಡ್ಡಿನಲ್ಲಿ ಚಿಕ್ಕಳಿಯ, ಚೀಲ ಇಬ್ಬರೇ ಉಳಿದರು. ಹಿಂದಿನ ಗೇಟು ಹತ್ತು ಹೆಜ್ಜೆ ದೂರ. ಅದರಾಚೆ ಕಸದ ತೊಟ್ಟಿ. ಚೀಲ ಅಲ್ಲಿಗೆ ಹೋದರೆ ಸಂಜೆ ದೊಡ್ಡಳಿಯ ಮನೆಯ ಕೆಲಸದಿಂದ ಹೊರಗೆ, ಶೆಡ್ಡು ಇವನಿಗೆ. ಚೀಲ ಜಗಲಿಗೆ ಹೋದರೆ ಶೆಡ್ಡು ಇವನ ಕೈತಪ್ಪುತ್ತದೆ, ಮತ್ತೆ ಯಾವುದೋ ಅಂಗಡಿಯ ಮುಂದೆ ಕೆಲಸ ಇದೆಯಾ ಎಂದು ನಿಲ್ಲಬೇಕು. ಚೀಲವನ್ನು ಹೆಗಲಿಗೇರಿಸಿದ. ಗೇಟಿನತ್ತ ನಾಲ್ಕು ಹೆಜ್ಜೆ ಹಾಕಿದ. ಬೆರಳುಗಳನ್ನು ಮೂರನೆಯ ಸಲ ಎಣಿಸಿದ. ಈಗಲೂ ಹತ್ತೇ. ಆಮೇಲೆ ಬೈದುಕೊಳ್ಳುತ್ತ ಜಗಲಿಯತ್ತ ತಿರುಗಿದ.

"ಮಾವ, ತಪ್ಪು ನನ್ದು," ಎಂದು ಚೀಲವನ್ನು ಮಾವನ ಕಾಲ ಬಳಿ ಸುರಿದ. "ಎಣ್ಣೆ ಯಾರೂ ಕದ್ದಿಲ್ಲ. ಚೈನೂ ಯಾರೂ ಮುಟ್ಟದೇ ತಾನಾಗೇ ಇನ್ನಷ್ಟು ಬಿಗಿದುಕೊಂಡಿದೆ."

ಮಾವ ಪುಡಿಯನ್ನು ಬೆರಳಲ್ಲಿ ಹಿಸುಕಿ ನೋಡಿದ. ಹುಬ್ಬು ಗಂಟಾಯಿತು.

"ಇದನ್ನ ಹೇಳು ಅಂತ ಯಾರು ಕಳಿಸಿದ್ರು ನಿಮ್ಮನ್ನ?"

"ಯಾರೂ ಇಲ್ಲ ಮಾವ!"

"ಅಕ್ಕ ಏನಾದ್ರೂ ಅಂದ್ಲಾ ರೀ? ಹೆದರಿಸಿದ್ಲಾ?" ಎಂದು ಹೆಂಡತಿ ಅಡುಗೆಮನೆಯಿಂದ ಓಡಿಬಂದಳು.

"ನಾನೇಕೆ ಹೆದರಿಸ್ಲಿ? ನಿನ್ನ ಗಂಡ ಒಳ್ಳೆಯವನ ಹಾಗೆ ಆಡಿ ನಮ್ಮನೆಯವರನ್ನ ಕೆಟ್ಟವರು ಮಾಡ್ತಿದಾನೆ," ಎಂದಳು ಅವಳ ಬೆನ್ನಿಗೇ ಬಂದ ಅಕ್ಕ.

ಸುಳ್ಳು ಹೇಳಿದಾಗ ಮೂರು ವಾರ ಎಲ್ಲರೂ ನಂಬಿದ್ದರು. ನಿಜ ಹೇಳಿದ ಮೊದಲ ನಿಮಿಷಕ್ಕೇ ವಿಚಾರಣೆ ಶುರು.

"ಎಣ್ಣೆ ಒಸರಿತು, ಸರಿ," ಎಂದ ಮಾವ. "ಚೈನು? ಅದು ತಾನಾಗೇ ಬಿಗಿದುಕೊಳ್ಳುತ್ತಾ? ಹಂಗೇನಾದ್ರೂ ಇದ್ರೆ ನನ್ನ ಕಣ್ಣೆದುರಿಗೆ ಬಿಗಿದು ತೋರಿಸಲಿ."

ಊಟ ಅರ್ಧಕ್ಕೆ ಬಿಟ್ಟು ದೊಡ್ಡಳಿಯನೂ ಬರಬೇಕಾಯಿತು. ಪ್ಲಗ್ಗನ್ನು ಜೇಬಿನಲ್ಲಿಟ್ಟುಕೊಂಡು ಚೈನು ಸಡಿಲ ಮಾಡಿ, ಎಣ್ಣೆ ತುಂಬಿ, ಆಮೇಲೆ ಪ್ಲಗ್ ಚುಚ್ಚಿ ಹಿತ್ತಿಲಿನ ಒಣ ದಿಮ್ಮಿಗಳನ್ನು ಹತ್ತು ನಿಮಿಷ ಕೊಯ್ದ. ಪ್ಲಗ್ಗು ಚಿಕ್ಕಳಿಯನ ಜೇಬಿಗೆ ದಾಟಿತು. ಅವನು ಗ್ಲೌಸ್ ಹಾಕಿ, ಬಿಸಿಬಿಸಿ ಚೈನನ್ನು ದಿನದಂತೆಯೇ ಕೂದಲೆಳೆ ಬಿಟ್ಟು ಬಿಗಿದ. ಮಾವ ಎಳೆದು ನೋಡಿ, "ಸರಿಯಾಗೇ ಇದೆ," ಎಂದ.

"ಈಗ ಯಾರೂ ಮುಟ್ಟಬೇಡಿ. ಕೂತ್ಕೊಳ್ಳಿ."

ಅಂಗಳದ ನಡುವೆ ಮಷೀನು. ಸುತ್ತ ಐದು ಜನ. ಒಬ್ಬರ ಕೈಯನ್ನು ಇನ್ನೊಬ್ಬರು ಕಾಯುತ್ತಿದ್ದರು. ದೊಡ್ಡಳಿಯ ಕೆನ್ನೆ ಕೆರೆದುಕೊಂಡರೂ ನಾಲ್ಕು ಜೊತೆ ಕಣ್ಣು ಅತ್ತ ತಿರುಗುತ್ತಿತ್ತು. ಕಾಲು ಗಂಟೆ. ಅರ್ಧ ಗಂಟೆ. ನೆರಳು ಪಟ್ಟಿಯ ತುದಿಯಿಂದ ಹಿಡಿಯವರೆಗೆ ಹರಿದು ಬಂತು. ಅಷ್ಟರಲ್ಲಿ ಅತ್ತೆ ಟೀ ಹಿಡಿದು ಬಂದು, ಈ ಮೌನಸಭೆ ನೋಡಿ ದಂಗಾದರು.

"ಏನಿದು, ಯಾರಾದ್ರೂ ಹೋದ್ರಾ?"

"ಇದು ತಾನಾಗೇ ಬಿಗಿಯುತ್ತಂತೆ, ಕಾಯ್ತಿದೀವಿ," ಎಂದ ಮಾವ.

"ಬಿಗಿಯುತ್ತಪ್ಪ, ಬಿಸೀಲಿ ಬಿಗಿದ್ರೆ! ನೀವು ಬಂದ ತಕ್ಷಣ ಎಲ್ಲಿ ಮುಟ್ತಿದ್ರಿ ಅದನ್ನ? ಮೂಲೇಲಿ ಒರಗಿಸಿ, ಟೀ ಕುಡಿದು, ಪೇಪರಿನಲ್ಲಿ ಸತ್ತವರ ಫೋಟೊ ಎಲ್ಲಾ ನೋಡಿ, ಒಂದು ಗಂಟೆ ಆದ ಮೇಲೆ ಬ್ರಷ್ ಹಿಡೀತಿದ್ರಿ. ಉಳಿದ ಎಣ್ಣೇನೂ ಡಬ್ಬಕ್ಕೆ ಸುರಿದುಬಿಡ್ತಿದ್ರಿ, ಜಿಪುಣರ ಹಾಗೆ. ಅಳಿಯಂದ್ರಿಗೆ ಹೇಳಿಲ್ವಾ?"

ಮಾವ ಬಗ್ಗಿ ಚೈನನ್ನು ಎಳೆದ. ಕಲ್ಲು. ಬಿಸಿಯಲ್ಲಿ ಹಿಗ್ಗಿ ಜೋತಿದ್ದ ಚೈನು, ಆರಿದ ಮೇಲೆ ಕುಗ್ಗಿ ಪಟ್ಟಿಯನ್ನು ಕಚ್ಚಿಕೊಂಡಿತ್ತು. ಅದನ್ನು ಬೆಳಗ್ಗೆ ದೊಡ್ಡಳಿಯ ಬೇಕಾದ್ದಕ್ಕಿಂತ ಜಾಸ್ತಿ ಸಡಿಲಿಸುತ್ತಿದ್ದ; ಕೆಲಸದಲ್ಲಿ ಕಾದಾಗ ಅದು ಮತ್ತಷ್ಟು ಜೋತು ಕಳಚುತ್ತಿತ್ತು.

"ನಾನು ಅದನ್ನ ಟೀ ಅಂದ್ಕೊಂಡಿದ್ದೆ," ಎಂದ ಮಾವ ಮೆಲ್ಲಗೆ. "ಕೆಲಸ ಅಂದ್ಕೊಂಡಿರಲಿಲ್ಲ."

ಚಿಕ್ಕಳಿಯ ತಲೆ ತಗ್ಗಿಸಿ, "ಹಾಗಾದ್ರೆ ಬೇರೆ ಕೆಲಸ ನೋಡ್ಕೊಳ್ಳೋದು ಯಾರು ಮಾವ?" ಎಂದ.

"ನಾನೇ ನೋಡ್ಕೋಬೇಕು, ಹೇಳಿಕೊಡದೇ ಇದ್ದದ್ದಕ್ಕೆ. ನೀವು ಇಬ್ರೂ ಇರಿ. ಆದ್ರೆ ಇನ್ಮೇಲೆ ಮಷೀನು ಬಂದ ಒಂದು ಗಂಟೆ ಅದರ ಹತ್ರ ಇಬ್ರೂ ಕೂತಿರಬೇಕು. ಕೈಕಟ್ಟಿ. ಇಬ್ರೂ ಒಬ್ಬರನ್ನೊಬ್ಬರು ಕಾಯಿರಿ, ಆಮೇಲೆ ನನ್ನ ಹತ್ರ ದೂರು ತರಬೇಡಿ."

ಸೋಮವಾರ ಹನ್ನೊಂದೂ ಮರ ಮುಗಿದವು, ಚೈನು ಹಾರಲಿಲ್ಲ. ಸಂಜೆ ಶೆಡ್ಡಿನ ಮೂಲೆಗೆ ಮಷೀನು ಒರಗಿಸಿ ಷಡ್ಡಕರಿಬ್ಬರೂ ಕೈಕಟ್ಟಿ ಕೂತರು. ಜಗಳಕ್ಕೆ ವಿಷಯವಿರಲಿಲ್ಲ.

"ಒಂದು ಮಾತು," ಎಂದ ದೊಡ್ಡಳಿಯ ಕೊನೆಗೆ, ದನಿ ತಗ್ಗಿಸಿ. "ಇಷ್ಟು ವರ್ಷ ಆ ಕೆಲಸ ಮಾಡಿದ ಮನುಷ್ಯನಿಗೆ ಇದು ನಿಜವಾಗಿಯೂ ಗೊತ್ತಿರಲಿಲ್ಲ ಅಂತೀಯಾ?"

ಚಿಕ್ಕಳಿಯ ಎದ್ದು ಬಾಗಿಲಿನಾಚೆ ಇಣುಕಿ ನೋಡಿ, ವಾಪಸ್ಸು ಬಂದು, ಹೊಸದಾಗಿ ಪುಡಿ ತುಂಬಿದ ಚೀಲವನ್ನು ಒಂದು ಮೊಳ ಹತ್ತಿರಕ್ಕೆ ಎಳೆದುಕೊಂಡು ಕೂತ.

"ನಾನೂ ಅದನ್ನೇ ಯೋಚಿಸ್ತಿದ್ದೆ ಭಾವ."